ಎದೆಗವಚದ ಬಲವೂ ಮಿತಿಯೂ

ಕೊಳ್ಳೇಗಾಲವೆಂದರೆ ರೇಷ್ಮೆ, ಹನೂರೆಂದರೆ ಮಲೆ ಮಹದೇಶ್ವರನ ಬೆಟ್ಟದ ಹಾದಿ, ಯಳಂದೂರೆಂದರೆ ಬಿಳಿಗಿರಿರಂಗನ ಗಿರಿ. ಈ ಸೀಮೆಯ ಕಾಡಂಚಿನ ಜನಕ್ಕೆ ಇನ್ನೊಂದು ನೆನಪೂ ಉಂಟು. ಅದು ಗುಂಡಿನ ಸದ್ದಿನದು. ೧೯೯೨ನೆಯ ಆಗಸ್ಟ್ ೧೪ರಂದು ಹನೂರು ಸೀಮೆಯ ಮೀಣ್ಯದ ಬಳಿ ವೀರಪ್ಪನ್‌ನ ತಂಡ ಹೊಂಚುಹಾಕಿ ನಡೆಸಿದ ದಾಳಿಯಲ್ಲಿ ಪೊಲೀಸ್ ಸೂಪರಿಂಟೆಂಡೆಂಟ್ ಹರಿಕೃಷ್ಣ, ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಹಾಗೂ ಅವರ ಸಂಗಡಿಗರು ಮಡಿದರು. ಅಂಥ ಕಾಡಿಗೆ ಕರ್ತವ್ಯದ ಮೇಲೆ ಕಾಲಿಡುವವನ ಎದೆಯನ್ನು ಯಾವ ವಸ್ತು ಕಾಯಬಲ್ಲದು? ಎಷ್ಟರಮಟ್ಟಿಗೆ ಕಾಯಬಲ್ಲದು?

ಸೋಜಿಗವೆಂದರೆ ಆಧುನಿಕ ಕವಚದ ಕಥೆಯಲ್ಲಿ ರೇಷ್ಮೆಗೂ ಒಂದು ಸ್ಥಾನವಿದೆ. ಅಮೆರಿಕದ ಷಿಕಾಗೋ ನಗರದಲ್ಲಿದ್ದ ಕ್ಯಾಸಿಮಿರ್ ಝೆಗ್ಲೆನ್ ಎಂಬ ಪಾದ್ರಿ, ರೇಷ್ಮೆಯ ಪದರಗಳಿಂದ ಗುಂಡು ತಡೆಯುವ ಅಂಗಿಯನ್ನು ರಚಿಸಿ ೧೮೯೭ರಲ್ಲಿ ಪೇಟೆಂಟ್ ಪಡೆದನು. ಬಲೆಯು ಮೀನನ್ನು ಹಿಡಿಯುವಂತೆ ನೂಲು ಗುಂಡನ್ನು ಹಿಡಿದು ಅದರ ವೇಗವನ್ನು ಹಂಚಿಕೊಳ್ಳುತ್ತದೆ. ೧೯೬೫ರಲ್ಲಿ ಸ್ಟೆಫನಿ ಕ್ವೋಲೆಕ್ ಎಂಬ ವಿಜ್ಞಾನಿಯ ಶೋಧನೆಯಿಂದ ಹುಟ್ಟಿದ ಕೆವ್ಲಾರ್ ನೂಲಿನದೂ ಇದೇ ತತ್ತ್ವ. ಪಿಸ್ತೂಲಿನ ಗುಂಡಿಗೆ ಇದು ಸಾಕು. ಸೆಕೆಂಡಿಗೆ ೭೦೦-೮೦೦ ಮೀಟರ್ ಧಾವಿಸುವ ರೈಫಲ್ ಗುಂಡಿನ ಮುಂದೆ ಬಟ್ಟೆ ಸೋಲುತ್ತದೆ. ಆದ್ದರಿಂದಲೇ ಅಂಗಿಯೊಳಗೆ ಗಡುಸಾದ ಫಲಕವನ್ನು ಇರಿಸುವುದು ಅಗತ್ಯವಾಯಿತು.

ಮೊದಲನೆಯದು ಉಕ್ಕು. ಬೆಲೆ ಕಡಮೆ, ಬಾಳಿಕೆ ಹೆಚ್ಚು. ಹಲವು ಏಟು ತಿಂದರೂ ಸುಲಭವಾಗಿ ಸೀಳದು. ಆದರೆ ೨೫ ಸೆಂಟಿಮೀಟರ್ ಅಗಲ, ೩೦ ಸೆಂಟಿಮೀಟರ್ ಎತ್ತರ, ೬ ಮಿಲಿಮೀಟರ್ ದಪ್ಪದ ಒಂದೇ ಫಲಕ ಸುಮಾರು ಮೂರೂವರೆ ಕಿಲೋಗ್ರಾಂ ತೂಗುತ್ತದೆ. ಎದೆಗೊಂದು, ಬೆನ್ನಿಗೊಂದು ಹೊತ್ತು ಬೆಟ್ಟವೇರುವವನ ಪಾಡನ್ನು ಊಹಿಸಬಹುದು. ಮೇಲಾಗಿ, ಉಕ್ಕಿಗೆ ಬಡಿದು ಸಿಡಿದ ಗುಂಡಿನ ಚೂರುಗಳು ತೊಟ್ಟವನ ಕತ್ತಿಗೂ ತೋಳಿಗೂ ಹಾರುವುದುಂಟು.

ಎರಡನೆಯದು ಪಿಂಗಾಣಿಯ ಬಳಗಕ್ಕೆ ಸೇರಿದ ಸೆರಾಮಿಕ್. ನೀರಿಗೆ ಹೋಲಿಸಿದರೆ ಉಕ್ಕು ಸುಮಾರು ೭.೮ ಪಟ್ಟು ಭಾರ, ಅಲ್ಯುಮಿನಾ ೩.೯, ಸಿಲಿಕಾನ್ ಕಾರ್ಬೈಡ್ ೩.೨, ಬೋರಾನ್ ಕಾರ್ಬೈಡ್ ೨.೫ ಪಟ್ಟು ಮಾತ್ರ. ಇವು ಉಕ್ಕಿಗಿಂತಲೂ ಗಡುಸು. ಗುಂಡಿನ ಮೂತಿಯನ್ನೇ ಪುಡಿಮಾಡುತ್ತವೆ. ಆದರೆ ಒಂದು ಗುಂಡನ್ನು ತಡೆಯುವಾಗ ತಾವೂ ಬಿರಿಯುತ್ತವೆ. ಅದೇ ಸ್ಥಳಕ್ಕೆ ಎರಡನೆಯ ಗುಂಡು ಬಿದ್ದರೆ ಅಪಾಯ. ಕೈಜಾರಿ ಬಂಡೆಯ ಮೇಲೆ ಬಿದ್ದಾಗ ಕಣ್ಣಿಗೆ ಕಾಣದ ಬಿರುಕೂ ಮೂಡಬಹುದು.

ಮೂರನೆಯದು ವಿಶೇಷ ಬಗೆಯ ಪಾಲಿಥೀನ್. ಅದು ನೀರಿನ ಮೇಲೆ ತೇಲುವಷ್ಟು ಹಗುರ; ಸೀಸದ ತಿರುಳಿನ ರೈಫಲ್ ಗುಂಡನ್ನೂ ತಡೆಯಬಲ್ಲದು. ಆದರೆ ಫಲಕ ದಪ್ಪವಾಗುತ್ತದೆ. ಗಟ್ಟಿ ಉಕ್ಕಿನ ತಿರುಳುಳ್ಳ ಗುಂಡು ಅದನ್ನು ಕೊರೆದು ಹೋಗುವ ಸಂಭವವುಂಟು. ಹೆಚ್ಚಿನ ಶಾಖವೂ ಅದಕ್ಕೆ ಒಗ್ಗದು.

ಒಂದರ ಕೊರತೆಯನ್ನು ಮತ್ತೊಂದು ತುಂಬಲೆಂದು ಇಂದು ಮುಂದೆ ಸೆರಾಮಿಕ್, ಹಿಂದೆ ಪಾಲಿಮರ್ ಇರಿಸುತ್ತಾರೆ. ಮುಂದಿನದು ಗುಂಡನ್ನು ಒಡೆಯುತ್ತದೆ. ಹಿಂದಿನದು ಚೂರುಗಳನ್ನು ಹಿಡಿಯುತ್ತದೆ. ನಮ್ಮ ರಕ್ಷಣಾ ಸಂಶೋಧನಾ ಸಂಸ್ಥೆಯ ಕಾನ್ಪುರದ ಪ್ರಯೋಗಾಲಯವು ೨೦೨೪ರಲ್ಲಿ ಪ್ರಕಟಿಸಿದ ಕವಚದ್ದೂ ಇದೇ ಕ್ರಮ. ಅಂಗಿಯೊಡನೆ ತೊಡುವ ಅದರ ಫಲಕ ಚದರ ಮೀಟರಿಗೆ ೪೦ ಕಿಲೋಗ್ರಾಂಗಿಂತ ಕಡಮೆ ತೂಕದ್ದು. ೬ ಮಿಲಿಮೀಟರ್ ಉಕ್ಕಾದರೋ ೪೭ ಕಿಲೋಗ್ರಾಂ ತೂಗುತ್ತದೆ.

ಇಷ್ಟಾದರೂ ಫಲಕವು ಕಾಯುವುದು ಎದೆ ಬೆನ್ನುಗಳನ್ನು ಮಾತ್ರ. ತಲೆ, ಕತ್ತು, ತೊಡೆಗಳು ಬಯಲಿಗೇ ಉಳಿಯುತ್ತವೆ. ದಿಬ್ಬದ ಮೇಲೆ ಹೊಂಚುಹಾಕಿದವನ ಗುಂಡು ಎದುರಿನಿಂದಲೇ ಬರಬೇಕೆಂಬ ನಿಯಮವಿಲ್ಲ. ೧೯೯೩ನೆಯ ಏಪ್ರಿಲ್ ೯ರಂದು ಪಾಲಾರ್ ಬಳಿ ನೆಲದಲ್ಲಿ ಹೂತಿದ್ದ ಸಿಡಿಮದ್ದು ಸ್ಫೋಟಿಸಿ ೨೨ ಮಂದಿ ಪ್ರಾಣ ತೆತ್ತರು. ವಾಹನವನ್ನೇ ಛಿದ್ರಗೊಳಿಸುವ ಅಂಥ ಆಘಾತದ ಮುಂದೆ ಎದೆಯ ಫಲಕ ಏನು ಮಾಡೀತು?

ಕವಚ ಬೇಕು, ಅದರ ಮಿತಿಯ ಅರಿವೂ ಬೇಕು. ಕವಚ ತೊಟ್ಟೆನೆಂಬ ಧೈರ್ಯದಿಂದ ಎಚ್ಚರ ತಪ್ಪಿದವನಿಗೆ ಅದೇ ಮೃತ್ಯುವಾದೀತು. ನಮಗಾಗಿ ಕಾಡಿಗೆ ಹೋಗುವವರಿಗೆ ಅಪಾಯಕ್ಕೆ ತಕ್ಕ ಫಲಕವನ್ನು ಒದಗಿಸುವುದೂ, ಅದರ ಬಲಾಬಲಗಳನ್ನು ಮರೆಮಾಚದೆ ತಿಳಿಸುವುದೂ ಅವರನ್ನು ಕಳುಹಿಸುವವರ ಹೊಣೆ.