ಪಂಚಮಿಯ ಉಂಡಿ, ಆಗಸ್ಟಿನ ಝೇಂಡಾ

ಆಗಸ್ಟ್ 15ರಂದು ನಿಮ್ಮ ಮನೆಯಲ್ಲಿ ಏನು ನಡೆಯುತ್ತದೆ? ಹುಡುಗರು ಇಸ್ತ್ರಿ ಅಂಗಿ ತೊಟ್ಟು ಸಾಲೆಗೆ ಹೋಗಿ ಪೇಢೆ ತಿಂದು ಬರುತ್ತಾರೆ. ಹಿರಿಯರಿಗೆ ಅದೊಂದು ಸೂಟಿ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಕಡೆ ಅದು ಮನೆಮಂದಿಯ ಹಬ್ಬವೂ ಆಗಬಲ್ಲದು. ಕಾರಣ ಪಂಚಾಂಗದಲ್ಲಿದೆ.

ಹನ್ನೆರಡು ಚಾಂದ್ರಮಾಸಗಳು ಸೂರ್ಯನ ವರ್ಷಕ್ಕಿಂತ ಸುಮಾರು 11 ದಿನ ಕಡಿಮೆ. ಆದುದರಿಂದ ನಾಗರಪಂಚಮಿ ವರ್ಷವರ್ಷವೂ ಹಿಂದೆ ಸರಿಯುತ್ತದೆ. ಅಧಿಕಮಾಸ ಬಂದಾಗ ಮುಂದಕ್ಕೆ ಜಿಗಿಯುತ್ತದೆ. 2018ರಲ್ಲಿ ಅದು ಆಗಸ್ಟ್ 15ರಂದೇ ಬಂದಿತು. 2021ರಲ್ಲಿ ಎರಡು ದಿನ ಮೊದಲು. ಅಂಥ ವರ್ಷ ತವರಿಗೆ ಬಂದ ಹೆಣ್ಣುಮಕ್ಕಳು, ಅಳಿಯಂದಿರು, ಮೊಮ್ಮಕ್ಕಳು ಎಲ್ಲರೂ ಮನೆಯಲ್ಲಿರುತ್ತಾರೆ. ಡಬ್ಬಿಯಲ್ಲಿ ಶೇಂಗಾ ಉಂಡಿ, ಎಳ್ಳುಂಡಿ, ಬುಟ್ಟಿಯಲ್ಲಿ ಅಳ್ಳು, ಬೇವಿನ ಮರಕ್ಕೆ ಜೋಕಾಲಿ. ನಾಗಪ್ಪನಿಗೆ ಹಾಲೆರೆಯುವಾಗ ಮನೆಯ ಒಬ್ಬೊಬ್ಬರ ಹೆಸರಿನಲ್ಲಿ ಪಾಲು ಎರೆಯುವುದು ರೂಢಿಯಷ್ಟೆ. ನಮ್ಮ ಅವ್ವ ಕೊನೆಗೆ ಗಡಿ ಕಾಯುವವರ ಪಾಲೆಂದು ಇನ್ನೊಂದು ಹನಿ ಎರೆಯುತ್ತಿದ್ದಳು. ಯಾವ ಶಾಸ್ತ್ರದಲ್ಲಿದೆಯೆಂದು ನಾನು ಕೇಳಿದವನಲ್ಲ.

ಈ ದಿನ ಧ್ವಜ ಏರಿಸುವ ಮನೆಗಳು ಹೆಚ್ಚಿವೆ. ಕೇಸರಿ ಮೇಲಿರಬೇಕು, ಹರಿದ, ಮಾಸಿದ ಬಟ್ಟೆ ಸಲ್ಲದು. ಉದ್ದ ಮೂರು ಪಾಲಾದರೆ ಅಗಲ ಎರಡು ಪಾಲು. ಚಕ್ರಕ್ಕೆ 24 ಅರೆಗಳು. ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ ನೇಯ್ದ ಖಾದಿಯೇ ಹುಬ್ಬಳ್ಳಿಯ ಬೆಂಗೇರಿಗೆ ಹೋಗಿ ಧ್ವಜವಾಗುತ್ತದೆ. 2021ರ ಡಿಸೆಂಬರಿನಲ್ಲಿ ನಿಯಮ ತಿದ್ದಿ, ಯಂತ್ರದ ಪಾಲಿಯೆಸ್ಟರ್ ಬಟ್ಟೆಗೂ ಅನುಮತಿ ಕೊಟ್ಟರು. ಅಗ್ಗವಾಯಿತು, ನಿಜ. ಆದರೆ ಮಗ್ಗದ ಸದ್ದಿನಲ್ಲಿ ಬೆಳೆದ ರಬಕವಿ-ಬನಹಟ್ಟಿಯವರು ಅದನ್ನು ಕೊಳ್ಳುವ ಮೊದಲು ಒಮ್ಮೆ ಯೋಚಿಸಬೇಕು.

ಇನ್ನು ಮುಖ್ಯವಾದ ಮಾತು. 1947ರ ಆ ದಿನ ನಮ್ಮ ಊರುಗಳಿಗೆ ಒಬ್ಬನೇ ಒಡೆಯನಿರಲಿಲ್ಲ. ಜಮಖಂಡಿ ಪಟವರ್ಧನರದು, ಮುಧೋಳ ಘೋರ್ಪಡೆಯವರದು, ರಬಕವಿ ಸಾಂಗಲಿ ಸಂಸ್ಥಾನದ್ದು; ಬೀಳಗಿ ಮಾತ್ರ ಇಂಗ್ರಜಿ ಆಳಿಕೆಯ ವಿಜಾಪುರ ಜಿಲ್ಲೆಯದು. ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದದ್ದು 1948ರ ಮಾರ್ಚಿನಲ್ಲಿ. ಕನ್ನಡಿಗರ ರಾಜ್ಯಕ್ಕೆ ಎಲ್ಲವೂ ಸೇರಿದ್ದು 1956ರ ನವೆಂಬರ್ 1ರಂದು. ಬೀಳಗಿಯ ಸೊಸೆಗೂ ಜಮಖಂಡಿಯ ಅತ್ತೆಗೂ ಸ್ವಾತಂತ್ರ್ಯದ ನೆನಪು ಒಂದೇ ತೆರನಾಗಿರಲಾರದು.

ಅದನ್ನು ಕಣ್ಣಾರೆ ಕಂಡವರು ಈಗ ತೊಂಬತ್ತರ ಆಸುಪಾಸಿನವರು. ನಾನು ಪರೀಕ್ಷೆಯಲ್ಲಿ ಇಸವಿಗಳನ್ನು ತಪ್ಪದೆ ಬರೆದೆ. ಮನೆಯಲ್ಲಿಯೇ ಇದ್ದ ಅಜ್ಜನನ್ನು ಒಂದು ಮಾತೂ ಕೇಳಲಿಲ್ಲ. ಅಜ್ಜ ಹೋದ ಮೇಲೆ ಕೇಳಬೇಕಾದ ಪ್ರಶ್ನೆಗಳು ನೆನಪಾದವು.

ನೀವು ಹಾಗೆ ಮಾಡಬೇಡಿರಿ. ಬೆಳಿಗ್ಗೆ ಕೆಂಪು ಕೋಟೆಯ ಪ್ರಸಾರವನ್ನು ಎಲ್ಲರೂ ಕೂಡಿ ಕೇಳಿರಿ. ಅಲ್ಲಿ ಮೊದಲ ಸಲ ಧ್ವಜ ಏರಿದ್ದು 1947ರ ಆಗಸ್ಟ್ 16ರಂದು, 15ರಂದಲ್ಲ. ಮಕ್ಕಳಿಗೆ ಹೇಳಿದರೆ ಕಿವಿ ನಿಮಿರಿಸುತ್ತಾರೆ. ಬಳಿಕ ರೇಡಿಯೋ ಆರಿಸಿ, ಅಜ್ಜನನ್ನೋ ಆಯಿಯನ್ನೋ ನಡುವೆ ಕೂಡ್ರಿಸಿ, ಅಂದು ನಿಮ್ಮ ಓಣಿಯಲ್ಲಿ ಏನಾಯಿತೆಂದು ಕೇಳಿರಿ. ಒಬ್ಬ ಮೊಮ್ಮಗಳು ಬರೆದುಕೊಳ್ಳಲಿ. ಉಂಡಿ ಡಬ್ಬಿ ಮಾತ್ರ ಮಾತು ಮುಗಿಯುವ ತನಕ ಅಜ್ಜನ ಹತ್ತಿರವೇ ಇರಲಿ; ಇಲ್ಲವಾದರೆ ಹುಡುಗರು ಜೋಕಾಲಿಗೆ ಓಡಿಬಿಡುತ್ತಾರೆ.