ಕೆಸರಿಗೂ ಡಾಂಬರಿಗೂ ಒಂದೇ ಗಾಲಿ: ಮಲೆನಾಡಿನ ವಾಹನಕ್ಕೆ ಟಯರನ್ನು ಆರಿಸುವ ವಿದ್ಯೆ

ಮಲೆನಾಡಿನಲ್ಲಿ ವಾಹನವಿರಿಸಿಕೊಂಡವನು ಒಂದೇ ದಿನದಲ್ಲಿ ಎರಡು ಭಿನ್ನ ಲೋಕಗಳಲ್ಲಿ ಸಂಚರಿಸಬೇಕಾಗುತ್ತದೆ. ಬೆಳಗ್ಗೆ ಕಾಫಿ ಕಣದ ಅಂಚಿನಿಂದ ಹೊರಟು, ಸಿಲ್ವರ್ ಓಕ್ ಮರಗಳ ನಡುವಣ ಕೆಂಪು ಮಣ್ಣಿನ ಏರುಹಾದಿಯಲ್ಲಿ, ಹಿಂದಿನ ರಾತ್ರಿಯ ಮಳೆಗೆ ಕದಡಿಹೋದ ಕೆಸರನ್ನು ತುಳಿದು, ಹಳ್ಳದ ಮೋರಿಯನ್ನು ದಾಟಿ ಮೇಲಕ್ಕೇರಿದ ಅದೇ ವಾಹನವು ಮಧ್ಯಾಹ್ನದೊಳಗಾಗಿ ಹಾಸನದ ಹೆದ್ದಾರಿಯಲ್ಲಿ ಗಂಟೆಗೆ 80 ಕಿ.ಮೀ. ವೇಗದಿಂದ ಲಾರಿ ಬಸ್ಸುಗಳ ಸಾಲಿನಲ್ಲಿ ಓಡುತ್ತಿರುತ್ತದೆ. ಎಂಜಿನ್ನಿನ ಶಕ್ತಿ, ಬ್ರೇಕಿನ ಬಿಗಿ, ನಾಲ್ಕೂ ಚಕ್ರಗಳಿಗೆ ಹಂಚುವ ಗೇರುಗಳ ಚಾತುರ್ಯ, ಇವೆಲ್ಲವೂ ಕಟ್ಟಕಡೆಗೆ ನೆಲವನ್ನು ಮುಟ್ಟುವುದು ಅಂಗೈಗಿಂತ ಬಹಳ ದೊಡ್ಡದಲ್ಲದ ನಾಲ್ಕು ರಬ್ಬರಿನ ತುಣುಕುಗಳ ಮೂಲಕ ಮಾತ್ರ. ಆ ತುಣುಕುಗಳನ್ನು ಆರಿಸುವುದು ಒಂದು ವಿದ್ಯೆ. ಅದನ್ನು ಕೊಳ್ಳುವವನು ಎಷ್ಟು ಗಂಭೀರವಾಗಿ ಪರಿಗಣಿಸಬೇಕೋ ಅಷ್ಟು ಗಂಭೀರವಾಗಿ ನಾವಿನ್ನೂ ಪರಿಗಣಿಸಿಲ್ಲವೆಂದೇ ನನ್ನ ಅಭಿಪ್ರಾಯ.

ಜೀಪಿನ ಕಾಲದಲ್ಲಿ ಈ ವಿಷಯ ಇಷ್ಟು ಜಟಿಲವಾಗಿರಲಿಲ್ಲ. ಮಹೀಂದ್ರ ಸಂಸ್ಥೆಯು 1940ರ ದಶಕದ ಕೊನೆಯಲ್ಲಿ ವಿಲ್ಲೀಸ್ ಜೀಪುಗಳನ್ನು ನಮ್ಮ ದೇಶದಲ್ಲಿ ಜೋಡಿಸಲಾರಂಭಿಸಿದ ಮೇಲೆ ತೋಟಗಳಿಗೆ ಬಂದ ಆ ಗಾಡಿಗಳಿಗೆ ಆರಿಂಚು ಅಗಲದ, 16 ಇಂಚು ರಿಮ್ಮಿನ, ದಪ್ಪ ಪಟ್ಟೆಗಳ ಟಯರೊಂದೇ ಗತಿಯಾಗಿದ್ದಿತು. ಮಳೆ ಹಿಡಿದು ಹಾದಿ ಕೆಟ್ಟಾಗ ಅದಕ್ಕೆ ಕಬ್ಬಿಣದ ಸರಪಳಿ ಸುತ್ತಿ ಓಡಿಸುತ್ತಿದ್ದರು. ಗಾಡಿಯ ವೇಗವೂ ಅಲ್ಪ, ಹೋಗಬೇಕಾದ ದೂರವೂ ಅಲ್ಪ. ಆ ಟಯರಿನೊಳಗಣ ನೂಲಿನ ಪದರಗಳು ಒಂದರ ಮೇಲೊಂದು ಓರೆಯಾಗಿ ಹಾದುಹೋಗುತ್ತಿದ್ದವು. 1946ರಲ್ಲಿ ಫ್ರಾನ್ಸಿನ ಮಿಶೆಲಿನ್ ಸಂಸ್ಥೆಯು ಹಕ್ಕುಪತ್ರ ಪಡೆದ ರೇಡಿಯಲ್ ಟಯರಿನಲ್ಲಿ ಈ ನೂಲುಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಹಾಯುತ್ತವೆ. ಅವುಗಳ ಮೇಲೆ ಉಕ್ಕಿನ ತಂತಿಯ ಪಟ್ಟಿಯೊಂದು ಸುತ್ತಿಕೊಂಡು ನೆಲ ಮುಟ್ಟುವ ಭಾಗವನ್ನು ಬಿಗಿಯಾಗಿಯೂ ಸಮತಲವಾಗಿಯೂ ಇರಿಸುತ್ತದೆ, ಪಕ್ಕದ ಗೋಡೆ ಮಾತ್ರ ಮೆತ್ತಗೆ ಬಾಗುತ್ತದೆ. ಭಾರತದಲ್ಲಿ ಈ ಬಗೆಯ ಟಯರನ್ನು 1977ರಲ್ಲಿ ಮೊದಲು ತಂದುದು ಜೆ.ಕೆ. ಸಂಸ್ಥೆ, ನಮ್ಮ ಮೈಸೂರಿನ ವಿಕ್ರಾಂತ್ ಟಯರ್ ಕಾರ್ಖಾನೆಯು 1997ರಲ್ಲಿ ಸೇರಿಹೋದುದೂ ಅದೇ ಸಂಸ್ಥೆಗೇ. ಇಂದು ಥಾರ್, ಸ್ಕಾರ್ಪಿಯೊ, ಜಿಮ್ನಿ, ಗೂರ್ಖಾ, ಫಾರ್ಚೂನರ್ ಮುಂತಾದ ಎಸ್.ಯು.ವಿ.ಗಳೆಲ್ಲವೂ ರೇಡಿಯಲ್ ಟಯರಿನ ಮೇಲೆಯೇ ಓಡತಕ್ಕವು.

ಈ ವಾಹನಗಳ ಮೊದಲ ಟಯರು ಸವೆದು ಹೊಸದನ್ನು ಕೊಳ್ಳತಕ್ಕ ಕಾಲ ಬಂದಾಗ ಅಂಗಡಿಯಲ್ಲಿ ಮೂರು ಹೆಸರುಗಳು ಕಿವಿಗೆ ಬೀಳುತ್ತವೆ: ಎಚ್.ಟಿ., ಎ.ಟಿ., ಎಂ.ಟಿ. ಮೊದಲನೆಯದು ಹೆದ್ದಾರಿಯ ಟಯರು. ಅದರ ಮೈಮೇಲಿನ ರಬ್ಬರಿನ ಗಟ್ಟಿಗಳು ಒತ್ತಾಗಿವೆ, ಗೀರುಗಳು ಸಣ್ಣವಾಗಿವೆ. ಓಟ ನಿಶ್ಶಬ್ದ, ಡೀಸೆಲಿನ ಉಳಿತಾಯ ಹೆಚ್ಚು. ಆದರೆ ಜೇಡಿಮಣ್ಣಿನಲ್ಲಿ ಹತ್ತು ಮಾರು ಹೋಗುವಷ್ಟರಲ್ಲಿ ಆ ಗೀರುಗಳೆಲ್ಲ ತುಂಬಿ, ಟಯರು ಹಲ್ಲಿಲ್ಲದ ನುಣುಪು ಉರುಳೆಯಾಗಿಬಿಡುತ್ತದೆ. ಮೂರನೆಯದಾದ ಎಂ.ಟಿ. ಕೆಸರಿನ ಟಯರು. ಅದರ ಗಟ್ಟಿಗಳು ದೊಡ್ಡವು, ನಡುವಣ ಕಾಲುವೆಗಳು ಆಳವಾದವು, ಭುಜದ ಅಂಚಿನಲ್ಲಿಯೂ ಪಕ್ಕದ ಗೋಡೆಯ ಮೇಲೂ ಹಲ್ಲುಗಳಿವೆ; ಚಕ್ರ ತಿರುಗಿದಂತೆ ಕೆಸರನ್ನು ತಾನಾಗಿಯೇ ಎಸೆದು ಪ್ರತಿ ಸುತ್ತಿಗೂ ಹೊಸ ಹಲ್ಲನ್ನು ನೆಲಕ್ಕೆ ಕೊಡುವುದೇ ಅದರ ಗುಣ. ಎರಡರ ನಡುವೆ ನಿಲ್ಲುವುದು ಎ.ಟಿ.; ಎಲ್ಲ ನೆಲಕ್ಕೂ ಸಲ್ಲುವುದೆಂದು ಹೆಸರು ಪಡೆದುದು.

ಸಕಲೇಶಪುರದ ಬಿ.ಎಂ. ರಸ್ತೆಯ ಬದಿಯ ಅಂಗಡಿಯೊಂದರಲ್ಲಿ, ಟಯರು ಬಿಚ್ಚುವ ಯಂತ್ರದ ಪಕ್ಕದಲ್ಲಿ ನಿಂತು, ಹಿರಿಯ ಮಾಲೀಕರೊಬ್ಬರು ಗಿರಾಕಿಯೊಡನೆ ನಡೆಸಿದ ಸಂಭಾಷಣೆಯನ್ನು ನಾನು ಕೇಳಿದ್ದುಂಟು. ಗಿರಾಕಿಯು ಗೋಡೆಗೆ ಒರಗಿಸಿದ್ದ ಎಂ.ಟಿ. ಟಯರಿನ ಮೇಲೆ ಕಣ್ಣಿಟ್ಟಿದ್ದ ತೋಟದ ಯಜಮಾನ. ಮಾಲೀಕರು ಬೆಲೆಯ ಮಾತನ್ನೇ ಎತ್ತಲಿಲ್ಲ.

“ತೋಟದೊಳಗೆ ದಿನಕ್ಕೆ ಎಷ್ಟು ಓಡುತ್ತೆ ಗೌಡ್ರೇ?”

“ನಾಲ್ಕೈದು ಕಿಲೋಮೀಟ್ರು. ವಾರಕ್ಕೊಂದ್ಸಲ ಹಾಸನ. ಮಗಳ ಮನೆಗೆ ಅಂತ ತಿಂಗಳಿಗೆ ಎರಡು ಸಲ ಬೆಂಗಳೂರು.”

“ಹಂಗಾದ್ರೆ ಇದು ಬೇಡ. ಎ.ಟಿ. ಹಾಕ್ಸಿ, ಮಳೇಲಿ ನಿಮ್ಗೇ ಒಳ್ಳೇದು.”

ಲೆಕ್ಕ ಹಾಕಿದರೆ ಆ ಸಲಹೆಯ ಹಿಂದಿನ ವಿವೇಕ ವ್ಯಕ್ತವಾಗುತ್ತದೆ. ತೋಟದೊಳಗಿನ ಓಡಾಟ ತಿಂಗಳಿಗೆ ಸುಮಾರು 150 ಕಿ.ಮೀ.; ಹಾಸನಕ್ಕೆ ನಾಲ್ಕು ಸಲ ಹೋಗಿಬಂದರೆ ಸುಮಾರು 320; ಬೆಂಗಳೂರಿಗೆ ಎರಡು ಸಲವೆಂದರೆ ಸುಮಾರು 880. ಒಟ್ಟು 1350ರಲ್ಲಿ ಕೆಸರಿಗೆ ಸೇರಿದುದು ಒಂಬತ್ತರಲ್ಲಿ ಒಂದು ಪಾಲು ಮಾತ್ರ. ಆ ಒಂದು ಪಾಲನ್ನು ಅಲಕ್ಷಿಸುವಂತೆಯೂ ಇಲ್ಲ; ಜುಲೈ ತಿಂಗಳ ನಡುರಾತ್ರಿ ಮನೆಯಲ್ಲಿ ಯಾರಿಗಾದರೂ ಎದೆನೋವು ಬಂದರೆ, ಗೇಟಿನ ತನಕದ ಆ ಏರನ್ನು ಹತ್ತಲಾರದ ಟಯರಿನಿಂದ ಪ್ರಯೋಜನವೇನು? ಆದುದರಿಂದ ಎಚ್.ಟಿ. ಸಾಲದು. ಆದರೆ ಎಂ.ಟಿ. ಏಕೆ ಬೇಡವೆಂಬುದನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕಾಗಿದೆ, ಏಕೆಂದರೆ ಈ ವಿಷಯದಲ್ಲಿ ತರುಣರಲ್ಲಿ ಒಂದು ಭ್ರಮೆ ಬಲವಾಗಿ ಬೇರೂರಿದೆ.

ಕೆಸರಿನಲ್ಲಿ ಹಿಡಿತವುಳ್ಳ ಟಯರು ಎಲ್ಲೆಡೆಯೂ ಹಿಡಿತವುಳ್ಳದ್ದೆಂಬುದೇ ಆ ಭ್ರಮೆ. ಮಳೆನೀರು ಹರಿಯುವ ಡಾಂಬರಿನ ಮೇಲೆ ವಾಹನವನ್ನು ನಿಲ್ಲಿಸುವುದು ದೊಡ್ಡ ಹಲ್ಲುಗಳಲ್ಲ. ಪ್ರತಿ ಗಟ್ಟಿಯ ಮೇಲೆ ಬ್ಲೇಡಿನಿಂದ ಕೊಯ್ದಂತಿರುವ ಸಣ್ಣ ಸಣ್ಣ ಸೀಳುಗಳು, ನೆಲವನ್ನು ಮುಟ್ಟುವ ರಬ್ಬರಿನ ಪ್ರಮಾಣ, ಮತ್ತು ಆ ರಬ್ಬರಿನ ಮೃದುತ್ವ. ಕಾಲುವೆಗಳು ನೀರನ್ನು ಹೊರಕ್ಕೆ ನೂಕುತ್ತವೆಂಬುದು ನಿಜ, ಆ ಮಟ್ಟಿಗೆ ಎಂ.ಟಿ. ಟಯರಿಗೂ ಗೌರವ ಸಲ್ಲಬೇಕು. ಆದರೆ ಉಳಿದ ತೆಳುಪೊರೆಯನ್ನು ಭೇದಿಸಿ ಡಾಂಬರನ್ನು ಹಿಡಿಯತಕ್ಕ ಕೆಲಸ ಆ ಸೀಳುಗಳದು, ಅವು ಎಂ.ಟಿ.ಯಲ್ಲಿ ವಿರಳ. ಕಲ್ಲಿಗೆ ಹರಿಯದಿರಲೆಂದು ಅದರ ರಬ್ಬರನ್ನೂ ಗಡುಸಾಗಿ ಕಲಸಿರುತ್ತಾರೆ. ದೊಡ್ಡ ಗಟ್ಟಿಗಳು ತಿರುವಿನಲ್ಲಿ ಒತ್ತಡಕ್ಕೆ ಓಲಾಡುವುದೂ ಉಂಟು. ಶಿರಾಡಿಯ ಇಳಿಜಾರಿನಲ್ಲಿ, ಚಾರ್ಮಾಡಿಯ ಹೇರ್‌ಪಿನ್ ತಿರುವಿನಲ್ಲಿ, ಮಂಜು ಕವಿದ ಸಂಜೆ ಎದುರಿನಿಂದ ಲಾರಿಯೊಂದು ಒಮ್ಮೆಲೇ ಕಂಡಾಗ ವಾಹನವು ನಾಲ್ಕು ಮಾರು ಮೊದಲೇ ನಿಲ್ಲುವುದೋ ಆಮೇಲೆ ನಿಲ್ಲುವುದೋ ಎಂಬುದು ಈ ಸೀಳುಗಳ ಮೇಲೆ ನಿಂತಿದೆ. ಕೆಸರಿನಲ್ಲಿ ಸಿಕ್ಕಿಹಾಕಿಕೊಂಡವನು ಒಂದು ಗಂಟೆ ಕಳೆದುಕೊಳ್ಳುತ್ತಾನೆ, ನೆರೆಯವರ ಟ್ರ್ಯಾಕ್ಟರು ಬಂದು ಎಳೆಯುತ್ತದೆ. ನೆನೆದ ಡಾಂಬರಿನಲ್ಲಿ ಜಾರಿದವನನ್ನು ಎಳೆದು ನಿಲ್ಲಿಸಲು ಯಾರೂ ಬರಲಾರರು. ಟಯರನ್ನು ಆರಿಸುವಾಗ ಮೊದಲು ನೆನೆದ ಡಾಂಬರನ್ನು ನೆನೆಯಿರಿ, ಕೆಸರನ್ನು ಅದಾದ ಮೇಲೆ, ಎಂದು ನಾನು ಹೇಳುವುದು ಈ ಕಾರಣದಿಂದ.

ಎ.ಟಿ. ಎಂಬ ಹೆಸರಿನಲ್ಲಿಯೂ ಅನೇಕ ಬಗೆಗಳಿವೆ. ಕೆಲವು ಎಚ್.ಟಿ.ಗೆ ಸ್ವಲ್ಪ ಹಲ್ಲು ಮೂಡಿಸಿದಂಥವು, ಕೆಲವು ಎಂ.ಟಿ.ಯ ಸಮೀಪದ ಬಂಧುಗಳು. ಅಂಗಡಿಯಲ್ಲಿ ಟಯರನ್ನು ನೆಲದ ಮೇಲೆ ನಿಲ್ಲಿಸಿ, ಕೈಯಿಂದ ಮುಟ್ಟಿ ನೋಡಬೇಕು: ಗಟ್ಟಿಗಳ ಮೇಲೆ ಸೀಳುಗಳು ಹೇರಳವಾಗಿವೆಯೇ, ಅವು ತಳದವರೆಗೂ ಇಳಿದಿವೆಯೇ, ಕಾಲುವೆಯ ತಳದಲ್ಲಿ ಕಲ್ಲುಚೂರು ಕಚ್ಚಿಕೊಳ್ಳದಂತೆ ಸಣ್ಣ ದಿಣ್ಣೆಗಳಿವೆಯೇ, ಭುಜದ ಕಾಲುವೆಗಳು ಹೊರಗಡೆಗೆ ತೆರೆದಿವೆಯೇ. ಈ ನಾಲ್ಕೂ ಇರುವ ಎ.ಟಿ. ನಮ್ಮ ಬಹುಪಾಲು ತೋಟದ ಹಾದಿಗಳಿಗೆ ಸಾಕು. ವರ್ಷವಿಡೀ ತೋಟದೊಳಗೇ ಇರುವ, ಹೆದ್ದಾರಿ ಕಾಣದ ಕೆಲಸದ ಜೀಪಿಗೆ, ಅಥವಾ ಕೊಡಚಾದ್ರಿಯಂಥ ಬಂಡೆ ಕೊರಕಲಿನ ಹಾದಿಯಲ್ಲಿ ಯಾತ್ರಿಕರನ್ನು ಹತ್ತಿಸುವುದನ್ನೇ ವೃತ್ತಿಯಾಗಿಸಿಕೊಂಡವರ ಗಾಡಿಗೆ ಎಂ.ಟಿ.ಯೇ ಯೋಗ್ಯ; ಅಲ್ಲಿ ಅದಕ್ಕೆ ಸಮಾನವಾದುದು ಬೇರೊಂದಿಲ್ಲ.

ಇನ್ನು ಅಳತೆ. ಟಯರಿನ ಪಕ್ಕದ ಗೋಡೆಯ ಮೇಲೆ ಅಚ್ಚಾದ ಅಂಕಿಗಳನ್ನು ಓದಲು ಕಲಿತವನಿಗೆ ಅರ್ಧ ವಿದ್ಯೆ ಕರಗತವಾದಂತೆ. 2020ರಲ್ಲಿ ಬಂದ ಥಾರ್ ವಾಹನಕ್ಕೆ ಕಂಪನಿಯೇ ಎರಡು ಅಳತೆಗಳನ್ನು ಕೊಟ್ಟಿತ್ತು: ಒಂದು 245/75 ಆರ್ 16, ಇನ್ನೊಂದು 255/65 ಆರ್ 18. ಮೊದಲ ಅಂಕಿ ಟಯರಿನ ಅಗಲ ಮಿಲಿಮೀಟರಿನಲ್ಲಿ. ಎರಡನೆಯದು ಆ ಅಗಲದ ನೂರರಲ್ಲಿ ಎಷ್ಟು ಪಾಲು ಗೋಡೆಯ ಎತ್ತರವೆಂಬುದು. ಆರ್ ಎಂದರೆ ರೇಡಿಯಲ್. ಕೊನೆಯದು ರಿಮ್ಮಿನ ವ್ಯಾಸ ಇಂಚಿನಲ್ಲಿ. ಗುಣಿಸಿ ನೋಡಿದರೆ ಎರಡರ ಒಟ್ಟು ವ್ಯಾಸ 774 ಮತ್ತು 789 ಮಿ.ಮೀ.; ಅಂತರ ನೂರಕ್ಕೆ ಎರಡರಷ್ಟು. ಆದರೆ ಗೋಡೆಯ ಎತ್ತರವನ್ನು ನೋಡಿರಿ: ಮೊದಲನೆಯದರಲ್ಲಿ 184, ಎರಡನೆಯದರಲ್ಲಿ 166. ನೋಟಕ್ಕೆ ಸೊಗಸಾದ ದೊಡ್ಡ ರಿಮ್ಮಿಗಾಗಿ ಬಂಡೆಗೂ ರಿಮ್ಮಿಗೂ ನಡುವಣ 18 ಮಿ.ಮೀ. ರಬ್ಬರನ್ನು ತೆತ್ತಂತಾಯಿತು. ಮುರುಕಲು ಕಲ್ಲಿನ ಹಾದಿಯಲ್ಲಿ ಓಡುವವನಿಗೆ ಚಿಕ್ಕ ರಿಮ್ಮು, ಎತ್ತರದ ಗೋಡೆ ಇವೇ ಹಿತ. ಮತ್ತು ಆ ಅಳತೆಯ ಟಯರು ಸಾಮಾನ್ಯವಾಗಿ ಅಗ್ಗವೂ ಹೌದು.

ಕಂಪನಿ ಸೂಚಿಸಿದುದಕ್ಕಿಂತ ದೊಡ್ಡದನ್ನು ಹಾಕಿಸುವ ಹುಮ್ಮಸ್ಸನ್ನು ಇಲ್ಲಿಯೇ ತಡೆಯುವುದು ಮೇಲು. ಅದೇ 774ರ ಜಾಗದಲ್ಲಿ 285/70 ಆರ್ 17 ಹಾಕಿಸಿದರೆ ವ್ಯಾಸ 831ಕ್ಕೆ ಏರುತ್ತದೆ. ಮೀಟರಿನ ಮುಳ್ಳು ತೋರಿಸುವುದಕ್ಕಿಂತ ವಾಹನವು ನೂರಕ್ಕೆ ಏಳರಷ್ಟು ಹೆಚ್ಚು ವೇಗದಲ್ಲಿರುತ್ತದೆ, ಸ್ಟೀರಿಂಗನ್ನು ಪೂರ್ತಿ ತಿರುಗಿಸಿದರೆ ಟಯರು ಒಳಗಡೆ ತಾಗುತ್ತದೆ, ಅಧಿಕ ತೂಕದ ಭಾರವನ್ನು ಬ್ರೇಕೂ ಬೇರಿಂಗೂ ಹೊರಬೇಕಾಗುತ್ತದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಯಾರಕರ ವಿವರಕ್ಕೆ ಹೊರತಾದ ಮಾರ್ಪಾಟನ್ನು ನಿಷೇಧಿಸುವುದರಿಂದ ಅಪಘಾತವಾದಾಗ ವಿಮೆಯವರೊಡನೆ ವ್ಯಾಜ್ಯಕ್ಕೂ ಅದು ಎಡೆಯಾದೀತು.

ಅಳತೆಯ ಪಕ್ಕದಲ್ಲಿಯೇ ಹೊರೆಯ ಅಂಕಿಯೂ ವೇಗದ ಅಕ್ಷರವೂ ಇರುತ್ತವೆ. 111 ಎಂದಿದ್ದರೆ ಆ ಟಯರೊಂದು 1090 ಕಿಲೋ ಹೊರಬಲ್ಲದು, 104 ಎಂದಿದ್ದರೆ 900. ಎಸ್ ಎಂದರೆ ಗಂಟೆಗೆ 180 ಕಿ.ಮೀ., ಟಿ ಎಂದರೆ 190. ಹಳೆಯದಕ್ಕಿಂತ ಕಡಿಮೆ ಹೊರೆಯ ಟಯರನ್ನು ಯಾವ ಕಾರಣಕ್ಕೂ ಕೊಳ್ಳಕೂಡದು. ಅಳತೆಯ ಮೊದಲಿಗೆ ಎಲ್.ಟಿ. ಎಂಬ ಅಕ್ಷರಗಳಿದ್ದರೆ ಅದು ಹೊರೆಗಾಡಿಗಳ ಜಾತಿಯದು. ಗೋಡೆ ದಪ್ಪ, ಕೊರಡಿನ ಮೊನೆಗೂ ಬೆಣಚುಕಲ್ಲಿಗೂ ಸುಲಭವಾಗಿ ಬಾಗದು, ಆದರೆ ತೂಕ ಹೆಚ್ಚು, ಕುಲುಕಾಟ ಹೆಚ್ಚು, ಅದೇ ಹೊರೆಗೆ ಗಾಳಿಯೂ ಹೆಚ್ಚು ಬೇಕು. ತೋಟದಲ್ಲಿ ಕಡಿದ ಸಿಲ್ವರ್ ಓಕಿನ ಬೊಡ್ಡೆಗಳು ಹಾದಿಯ ಅಂಚಿಗೆ ಚಾಚಿಕೊಂಡಿರುವಲ್ಲಿ ಈ ದಪ್ಪ ಗೋಡೆಯ ಬೆಲೆ ತಿಳಿಯುತ್ತದೆ. ಮೇಲ್ಮೈಗೆ ಹೊಕ್ಕ ಮೊಳೆಯ ತೂತಿಗೆ ಪಂಕ್ಚರ್ ಹಾಕಬಹುದು, ಗೋಡೆ ಹರಿದ ಟಯರಿಗೆ ಮದ್ದಿಲ್ಲ.

ವಯಸ್ಸನ್ನೂ ನೋಡಲೇಬೇಕು. ಗೋಡೆಯ ಮೇಲೆ ಅಂಡಾಕೃತಿಯ ಚೌಕಟ್ಟಿನೊಳಗೆ ನಾಲ್ಕು ಅಂಕಿಗಳಿರುತ್ತವೆ. 1825 ಎಂದಿದ್ದರೆ 2025ನೆಯ ಇಸವಿಯ 18ನೆಯ ವಾರದಲ್ಲಿ ತಯಾರಾದುದೆಂದು ಅರ್ಥ. ತೋಟದ ವಾಹನಗಳು ಕಡಿಮೆ ಓಡುವುದರಿಂದ ಅವುಗಳ ಟಯರು ಸವೆಯುವ ಮೊದಲೇ ಮುದಿಯಾಗುತ್ತದೆ: ಕಾಲುವೆ ಇನ್ನೂ ಆಳವಾಗಿದ್ದರೂ ರಬ್ಬರು ಗಡುಸಾಗಿ, ಗೋಡೆಯಲ್ಲಿ ಕೂದಲೆಳೆಯ ಬಿರುಕುಗಳು ಮೂಡಿರುತ್ತವೆ. ಅಂಥದನ್ನು ಉಳಿಸಿಕೊಳ್ಳುವುದು ಮಿತವ್ಯಯವಲ್ಲ. ನಿಯಮದ ಪ್ರಕಾರ ಕಾಲುವೆಯ ಆಳ 1.6 ಮಿ.ಮೀ.ಗೆ ಇಳಿದಾಗ ಟಯರು ತ್ಯಾಜ್ಯ. ನಮ್ಮ ಮಳೆಗೆ ಅದರ ಇಮ್ಮಡಿ ಇರುವಾಗಲೇ ಬದಲಿಸುವುದು ಕ್ಷೇಮಕರ.

ಹಾಕಿಸುವ ಕೆಲಸವನ್ನು ಎದುರಿಗೆ ನಿಂತು ನೋಡಿರಿ, ಅದರಲ್ಲಿ ಕುಶಲಿಯ ಕೈ ಕಾಣುತ್ತದೆ. ಅಂಚಿಗೆ ಸೋಪಿನ ನೀರನ್ನು ಬಳಿದು, ರಿಮ್ಮಿನ ತುಕ್ಕನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಹಳೆಯ ವಾಲ್ವನ್ನು ಕಿತ್ತು ಹೊಸದನ್ನು ಕೂರಿಸುತ್ತಾರೆ. ಟಯರಿನ ಮೇಲೆ ಹಳದಿ ಚುಕ್ಕೆಯಿದ್ದರೆ ಅದು ಅತ್ಯಂತ ಹಗುರವಾದ ಜಾಗ. ಅದನ್ನು ವಾಲ್ವಿನ ನೇರಕ್ಕೆ ತಂದರೆ ಬ್ಯಾಲೆನ್ಸಿಂಗಿಗೆ ಅಂಟಿಸಬೇಕಾದ ಸೀಸದ ತುಂಡುಗಳು ಕಡಿಮೆಯಾಗುತ್ತವೆ. ಗಾಳಿ ತುಂಬುತ್ತ ಬಂದಂತೆ ಎರಡೂ ಅಂಚುಗಳು ಒಂದಾದ ಮೇಲೊಂದು ಫಟ್ಟೆಂದು ಸದ್ದುಮಾಡಿ ರಿಮ್ಮಿಗೆ ಕೂರುತ್ತವೆ. ಅಲೈನ್‌ಮೆಂಟ್ ಮಾಡಿಸದೆ ಅಂಗಡಿಯಿಂದ ಹೊರಡಬಾರದು. ಇಲ್ಲವಾದರೆ ಹೊಸ ಟಯರಿನ ಒಂದು ಭುಜ ಬಹಳ ಬೇಗ ಬೋಳಾಗುತ್ತದೆ.

ಗಾಳಿಯ ಒತ್ತಡದ ವಿಷಯದಲ್ಲಿ ಬಾಗಿಲಿನ ಅಂಚಿನ ಚೀಟಿಯೇ ಪ್ರಮಾಣ. ಕೆಸರು ಆಳವಾಗಿದ್ದಾಗ ಒತ್ತಡವನ್ನು 20 ಪಿ.ಎಸ್.ಐ. ಆಸುಪಾಸಿಗೆ ಇಳಿಸಿದರೆ ಟಯರು ಉದ್ದಕ್ಕೆ ಚಾಚಿ ನೆಲವನ್ನು ಹೆಚ್ಚು ಹಿಡಿಯುತ್ತದೆ. ಎಷ್ಟೋ ಕಡೆ ಎಂ.ಟಿ. ಮಾಡುವ ಕೆಲಸವನ್ನು ಗಾಳಿ ಇಳಿಸಿದ ಎ.ಟಿ. ಮಾಡಿಬಿಡುತ್ತದೆ. ಆದರೆ ಡಾಂಬರಿಗೆ ಬಂದ ಕೂಡಲೇ ಮತ್ತೆ ತುಂಬಿಸಲೇಬೇಕು. ಗಾಳಿ ಕಡಿಮೆಯಿರುವ ಟಯರು ಹೆದ್ದಾರಿಯ ವೇಗದಲ್ಲಿ ಗೋಡೆ ಬಾಗಿ ಬಾಗಿ ಕಾದು ಸಿಡಿಯುತ್ತದೆ. ಹನ್ನೆರಡು ವೋಲ್ಟಿನ ಸಣ್ಣ ಪಂಪೊಂದು ಸೀಟಿನ ಕೆಳಗಿದ್ದರೆ ಈ ಎರಡೂ ಸುಲಭ.

ಒಂದು ಮಾತು ಉಳಿದಿದೆ. ನಾಲ್ಕೂ ಚಕ್ರಗಳಿಗೆ ಶಕ್ತಿ ಹಂಚುವ ವಾಹನದಲ್ಲಿ ಟಯರುಗಳ ಸುತ್ತಳತೆ ಒಂದೇ ಸಮನಾಗಿರಬೇಕು. ಎರಡು ಹೊಸತು, ಎರಡು ಸವೆದವು ಎಂದಾದರೆ ಗೇರುಪೆಟ್ಟಿಗೆಯ ಮೇಲೆ ಒತ್ತಡ ಬೀಳುತ್ತದೆ. ಆದಕಾರಣ ನಾಲ್ಕನ್ನೂ ಒಟ್ಟಿಗೆ ಕೊಳ್ಳಿರಿ. ಶಕ್ತಿಯಿದ್ದರೆ ಸ್ಟೆಪ್ನಿಯನ್ನೂ ಸೇರಿಸಿ ಐದನ್ನು ಕೊಂಡು, ಎಂಟು ಹತ್ತು ಸಾವಿರ ಕಿ.ಮೀ.ಗೊಮ್ಮೆ ಐದನ್ನೂ ಸರದಿಯಂತೆ ಬದಲಿಸುತ್ತ ಬನ್ನಿರಿ. ಮುಂಗಾರು ಇಳಿದ ವಾರದಲ್ಲಿ ಅಂಗಡಿಗಳು ತುಂಬಿಹೋಗಿ ಬೇಕಾದ ಅಳತೆ ಸಿಗದೆ, ಸಿಕ್ಕಿದ್ದನ್ನು ಹಾಕಿಸಿಕೊಂಡು ಬರಬೇಕಾಗುತ್ತದೆ. ಮೇ ತಿಂಗಳ ನಡುವೆಯೇ ಹೋಗಿ, ನಿಮ್ಮ ಹಾದಿಯ ಲೆಕ್ಕವನ್ನು ಅಂಗಡಿಯವರ ಮುಂದಿಟ್ಟು, ತಯಾರಾದ ವಾರವನ್ನು ನೋಡಿಯೇ ಹಣ ಕೊಡಿರಿ.