ಅಂತರರಾಷ್ಟ್ರೀಯ ಶಾಲೆಗಳ ಡಿಜಿಟಲ್ ಕಲಿಕೆ: ಸಾಧನಕ್ಕಿಂತ ಸಾರಥ್ಯ ಮುಖ್ಯ

ಬೆಂಗಳೂರು ದಕ್ಷಿಣದ ಹೊಸಕೆರೆಹಳ್ಳಿಯು ಒಂದು ಕಾಲಕ್ಕೆ ಕೆರೆಯನ್ನು ಆಶ್ರಯಿಸಿಕೊಂಡಿದ್ದ ಗ್ರಾಮ. ಇಂದು ಅದು ಬನಶಂಕರಿ ಮೂರನೆಯ ಹಂತ, ಗಿರಿನಗರ ಹಾಗೂ ಕತ್ರಿಗುಪ್ಪೆಗಳೊಡನೆ ಬೆಸೆದುಕೊಂಡ ನಗರ ಪ್ರದೇಶ. ಒಂದು ಪಕ್ಕದಲ್ಲಿ ಹೊರವರ್ತುಲ ರಸ್ತೆ ಮತ್ತು ಪಿ.ಇ.ಎಸ್. ವಿಶ್ವವಿದ್ಯಾಲಯ, ಇನ್ನೊಂದು ಪಕ್ಕದಲ್ಲಿ ಕನಕಪುರ ರಸ್ತೆ, ಬನ್ನೇರುಘಟ್ಟ ರಸ್ತೆ ಹಾಗೂ ಎಲೆಕ್ಟ್ರಾನಿಕ್ಸ್ ಸಿಟಿಗಳಿಗೆ ಕರೆದೊಯ್ಯುವ ನೈಸ್ ರಸ್ತೆ. ಗಣಕಯಂತ್ರ ಮಾರಾಟ, ವಿದ್ಯುತ್ ಕೆಲಸ, ಪೀಠೋಪಕರಣ ತಯಾರಿಕೆ ಮುಂತಾದ ಉದ್ಯಮಗಳಲ್ಲಿ ತೊಡಗಿರುವ ಇಲ್ಲಿನ ವರ್ತಕರಿಗೆ ನಗರದ ಅಂಚಿನ ದೊಡ್ಡ ಶಾಲೆಗಳು ದೂರದ ಗ್ರಾಹಕರೇನಲ್ಲ. ಆದರೆ ಈ ವ್ಯಾಪಾರಕ್ಕೆ ಇಳಿಯುವವರು ಸಾಧನದ ಬೆಲೆಯನ್ನು ಲೆಕ್ಕ ಹಾಕುವಷ್ಟೇ ಎಚ್ಚರದಿಂದ, ಶಾಲೆಯೊಳಗೆ ಆ ಸಾಧನದ ಬಳಕೆಗೆ ಸಾರಥಿ ಯಾರು ಎಂಬುದನ್ನೂ ವಿಚಾರಿಸಬೇಕಾಗುತ್ತದೆ. ಕಳೆದ ಎರಡು ದಶಕಗಳ ಅನುಭವವು ಇದನ್ನೇ ಸಾರುತ್ತದೆ.

ಮಾರುಕಟ್ಟೆಯ ಸ್ವರೂಪ

ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ಪಠ್ಯಕ್ರಮದ ಶಾಲೆಗಳು ಇಂದು ನಿನ್ನೆಯವಲ್ಲ. ಯಲಹಂಕದಲ್ಲಿರುವ ಮಲ್ಯ ಅದಿತಿ ಇಂಟರ್‌ನ್ಯಾಷನಲ್ ಶಾಲೆ 1984ರಲ್ಲಿಯೂ, ಕೆನಡಿಯನ್ ಇಂಟರ್‌ನ್ಯಾಷನಲ್ ಶಾಲೆ 1996ರಲ್ಲಿಯೂ ಆರಂಭವಾದವು. 2000ದ ನಂತರ ಮಾಹಿತಿ ತಂತ್ರಜ್ಞಾನ ಉದ್ಯಮದ ಬೆಳವಣಿಗೆಯೊಂದಿಗೆ ಇವುಗಳ ಸಂಖ್ಯೆ ಹೆಚ್ಚುತ್ತ ಬಂದಿತು. ಜಿನೀವಾದಲ್ಲಿ 1968ರಲ್ಲಿ ಸ್ಥಾಪನೆಗೊಂಡ ಇಂಟರ್‌ನ್ಯಾಷನಲ್ ಬ್ಯಾಕಲಾರಿಯೇಟ್ (ಐ.ಬಿ.) ಹಾಗೂ ಇಂಗ್ಲೆಂಡಿನ ಕೇಂಬ್ರಿಜ್ ಪಠ್ಯಕ್ರಮಗಳು ಇವುಗಳಲ್ಲಿ ಪ್ರಚಲಿತವಾಗಿವೆ.

ಈ ಶಾಲೆಗಳಲ್ಲಿ ಡಿಜಿಟಲ್ ಸಾಧನವು ಅಲಂಕಾರದ ವಸ್ತುವಾಗಿ ಉಳಿದಿಲ್ಲ. ಐ.ಬಿ. ಸಂಸ್ಥೆಯು ತನ್ನ ಮಾಧ್ಯಮಿಕ ಹಂತದ ಕಾರ್ಯಕ್ರಮಕ್ಕೆ 2016ರಿಂದ ಗಣಕಯಂತ್ರದ ಪರದೆಯ ಮೇಲೆಯೇ ಬರೆಯುವ ಪರೀಕ್ಷೆಗಳನ್ನು ನಡೆಸುತ್ತಿದೆ. ಅಂತಹ ಪರೀಕ್ಷೆಯ ದಿನ ವಿದ್ಯುತ್ ಕೈಕೊಟ್ಟರೆ ಅಥವಾ ಗಣಕಯಂತ್ರ ಸ್ಥಗಿತಗೊಂಡರೆ ತೊಂದರೆಗೆ ಸಿಲುಕುವುದು ವಿದ್ಯಾರ್ಥಿಯ ಭವಿಷ್ಯ. ಹೀಗಾಗಿ ಶಾಲೆಯು ಹುಡುಕುವುದು ಅಗ್ಗದ ಸರಕಿಗಿಂತ ಹೆಚ್ಚಾಗಿ, ಕರೆದ ಕೂಡಲೇ ಬರುವ ಪೂರೈಕೆದಾರನನ್ನು.

ಸಾರಥ್ಯವೆಂದರೇನು?

ಸುವ್ಯವಸ್ಥಿತ ಶಾಲೆಗಳಲ್ಲಿ ಡಿಜಿಟಲ್ ಕಲಿಕೆಗೆಂದೇ ಒಬ್ಬ ಸಂಯೋಜಕರಿರುತ್ತಾರೆ. ಸಾಮಾನ್ಯವಾಗಿ ಇವರು ತಂತ್ರಜ್ಞರಾಗಿರದೆ ಅನುಭವಿ ಶಿಕ್ಷಕರಾಗಿರುತ್ತಾರೆ. ಯಾವ ವಿಷಯದ ಯಾವ ಪಾಠಕ್ಕೆ ಯಾವ ಸಾಧನ ಬೇಕೆಂದು ಸಹೋದ್ಯೋಗಿಗಳೊಡನೆ ಚರ್ಚಿಸಿ ತೀರ್ಮಾನಿಸುವುದು, ಖರೀದಿಗೆ ಮೊದಲು ಎರಡು ಮೂರು ತರಗತಿಗಳಲ್ಲಿ ಪರೀಕ್ಷಾರ್ಥ ಬಳಸಿ ನೋಡುವುದು, ಶಿಕ್ಷಕರಿಗೆ ತರಬೇತಿ ಕೊಡುವುದು, ಬಳಕೆಯ ದಾಖಲೆ ಇಡುವುದು, ಪ್ರಯೋಜನಕ್ಕೆ ಬಾರದ ತಂತ್ರಾಂಶದ ಚಂದಾವನ್ನು ನವೀಕರಿಸದೆ ಬಿಡುವುದು ಇವರ ಹೊಣೆ. ಪ್ರಾಂಶುಪಾಲರ ಬೆಂಬಲ ಹಾಗೂ ವೇಳಾಪಟ್ಟಿಯಲ್ಲಿ ಈ ಕೆಲಸಕ್ಕೆಂದೇ ಬಿಡುವು ಇಲ್ಲದಿದ್ದರೆ ಈ ಹುದ್ದೆ ಹೆಸರಿಗಷ್ಟೇ ಉಳಿಯುತ್ತದೆ.

ಇದರ ಆರ್ಥಿಕ ಮಹತ್ವವನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ಅರಿಯಬಹುದು. ತಲಾ 30 ವಿದ್ಯಾರ್ಥಿಗಳ 20 ಕೊಠಡಿಗಳಿಗೆ ಒಂದೊಂದು ಸ್ಪರ್ಶ ಪರದೆಯ ಫಲಕವನ್ನು ತಲಾ ರೂ. 1,50,000ಕ್ಕೆ ಖರೀದಿಸಲಾಯಿತೆನ್ನೋಣ. ಮೂಲ ಬೆಲೆ ರೂ. 30,00,000. ಶೇ. 18ರ ಜಿ.ಎಸ್.ಟಿ. ರೂ. 5,40,000. ಒಟ್ಟು ರೂ. 35,40,000. ಐದು ವರ್ಷಗಳ ಬಾಳಿಕೆಯಲ್ಲಿ 600 ವಿದ್ಯಾರ್ಥಿಗಳಿಗೆ ಹಂಚಿದರೆ ಪ್ರತಿ ವಿದ್ಯಾರ್ಥಿಗೆ ತಿಂಗಳಿಗೆ ಸುಮಾರು ರೂ. 98 ವೆಚ್ಚ ತಗಲುತ್ತದೆ. ಹತ್ತು ಕೊಠಡಿಗಳಲ್ಲಿ ಶಿಕ್ಷಕರು ಫಲಕವನ್ನು ಮುಟ್ಟದೇ ಹೋದರೆ, ನಿಜವಾಗಿ ಬಳಸಿದ ವಿದ್ಯಾರ್ಥಿಯ ಪಾಲಿನ ವೆಚ್ಚ ಸುಮಾರು ರೂ. 197ಕ್ಕೆ ಏರುತ್ತದೆ. ಸರಕು ಒಂದೇ, ಬೆಲೆಯೂ ಒಂದೇ. ವೆಚ್ಚ ಮಾತ್ರ ದುಪ್ಪಟ್ಟು. ಇಂತಹ ಶಾಲೆಯ ಆಡಳಿತ ಮಂಡಳಿಯು ಮೂರನೆಯ ವರ್ಷದಲ್ಲಿ ಪೂರೈಕೆದಾರನ ಬಿಲ್ಲಿನ ಮೇಲೆ ತಕರಾರು ತೆಗೆಯುವುದು ಸಹಜ.

ಕರ್ನಾಟಕದ ಅನುಭವ

ಸಾಧನ ಬಂದ ಮಾತ್ರಕ್ಕೆ ಕಲಿಕೆ ಬರುವುದಿಲ್ಲವೆಂಬುದನ್ನು ನಮ್ಮ ರಾಜ್ಯವು ಬೇಗನೆ ಕಂಡುಕೊಂಡಿತು. ಶಿಕ್ಷಣಕ್ಕೆಂದೇ ಮೀಸಲಾದ ಎಜುಸ್ಯಾಟ್ ಉಪಗ್ರಹವನ್ನು 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಉಡಾಯಿಸಲಾಯಿತು. ಅದರ ಪ್ರಯೋಜನವನ್ನು ಪ್ರಾಥಮಿಕ ಶಾಲೆಗಳಿಗೆ ತಲುಪಿಸುವ ಪ್ರಯೋಗಕ್ಕೆ ಚಾಮರಾಜನಗರ ಜಿಲ್ಲೆ ಆಯ್ಕೆಯಾಯಿತು. 2010ರಲ್ಲಿ ಉಪಗ್ರಹವೇ ಸೇವೆಯಿಂದ ನಿವೃತ್ತವಾಯಿತು. ಅದೇ ದಶಕದಲ್ಲಿ ಬೆಂಗಳೂರಿನ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವು ಹಲವು ಭಾರತೀಯ ಭಾಷೆಗಳಲ್ಲಿ ಗಣಕಾಧಾರಿತ ಕಲಿಕೆಯ ಸಿ.ಡಿ.ಗಳನ್ನು ಸಿದ್ಧಪಡಿಸಿ ಸರ್ಕಾರಿ ಶಾಲೆಗಳಿಗೆ ಒದಗಿಸಿತು. ವರ್ಷಗಳ ಅನುಭವದ ನಂತರ ಪ್ರತಿಷ್ಠಾನವು ತನ್ನ ಗಮನವನ್ನು ಶಿಕ್ಷಕರ ಸಾಮರ್ಥ್ಯವರ್ಧನೆಯ ಕಡೆಗೆ ತಿರುಗಿಸಿತು. ಅದರ ಮುಖ್ಯಸ್ಥರಲ್ಲಿ ಒಬ್ಬರಾದ ಅನುರಾಗ್ ಬೆಹರ್ ಅವರು 2010ರಲ್ಲಿ ಶಿಕ್ಷಣದಲ್ಲಿ ತಂತ್ರಜ್ಞಾನದ ಮಿತಿಗಳನ್ನು ಕುರಿತು ಬಹಿರಂಗವಾಗಿಯೇ ಬರೆದರು.

2020ರಲ್ಲಿ ಕೋವಿಡ್ ಪಿಡುಗು ಎಲ್ಲ ಶಾಲೆಗಳನ್ನೂ ಏಕಕಾಲಕ್ಕೆ ಆನ್‌ಲೈನ್ ತರಗತಿಗಳತ್ತ ತಳ್ಳಿತು. ಆನ್‌ಲೈನ್ ತರಗತಿಗಳನ್ನು ನಿರ್ಬಂಧಿಸಿ ರಾಜ್ಯ ಸರ್ಕಾರವು ಜೂನ್ ತಿಂಗಳಿನಲ್ಲಿ ಹೊರಡಿಸಿದ ಆದೇಶಗಳಿಗೆ ಕರ್ನಾಟಕ ಉಚ್ಚ ನ್ಯಾಯಾಲಯವು ಜುಲೈ 8ರಂದು ತಡೆಯಾಜ್ಞೆ ನೀಡಿತು. ಕೆಲವೇ ವಾರಗಳಲ್ಲಿ ನಿಯಮ ಹೀಗೆ ಬದಲಾಗುತ್ತಿದ್ದಾಗ, ಮೊದಲೇ ಸಂಯೋಜಕರನ್ನು ನೇಮಿಸಿಕೊಂಡು ಶಿಕ್ಷಕರನ್ನು ಅಣಿಗೊಳಿಸಿದ್ದ ಶಾಲೆಗಳಿಗೂ ತರಾತುರಿಯಲ್ಲಿ ತಂತ್ರಾಂಶ ಕೊಂಡ ಶಾಲೆಗಳಿಗೂ ಇದ್ದ ಅಂತರ ಎದ್ದು ಕಾಣುವಂತಿತ್ತು.

ಹೊರದೇಶಗಳಲ್ಲಿಯೂ ಮರುಚಿಂತನೆ ನಡೆದಿದೆ. ಯುನೆಸ್ಕೊ ಸಂಸ್ಥೆಯ 2023ರ ಜಾಗತಿಕ ಶಿಕ್ಷಣ ವರದಿಯು ತಂತ್ರಜ್ಞಾನದ ಬಳಕೆ ಯಾರ ಷರತ್ತುಗಳ ಮೇಲೆ ಎಂಬ ಪ್ರಶ್ನೆಯನ್ನೇ ಮುಂದಿಟ್ಟಿತು. ಅದೇ ವರ್ಷ ಸ್ವೀಡನ್ ಸರ್ಕಾರವು ಶಾಲೆಗಳಿಗೆ ಮುದ್ರಿತ ಪಠ್ಯಪುಸ್ತಕಗಳನ್ನು ಮರಳಿ ಒದಗಿಸಲು ಅನುದಾನ ನೀಡಿತು. ಬೇಡಿಕೆಯು ಎಂದೆಂದಿಗೂ ಏರುತ್ತಲೇ ಇರುತ್ತದೆಂದು ಭಾವಿಸಿ ದಾಸ್ತಾನು ಮಾಡುವುದು ಜಾಣತನವಲ್ಲ.

ಎಜುಕಾಂಪ್ ಕಲಿಸಿದ ಪಾಠ

ಈ ಕ್ಷೇತ್ರದ ವರ್ತಕರು ಮರೆಯಬಾರದ ಪ್ರಕರಣ ಎಜುಕಾಂಪ್ ಸೊಲ್ಯೂಷನ್ಸ್ ಕಂಪನಿಯದು. 1994ರಲ್ಲಿ ಸ್ಥಾಪನೆಗೊಂಡು 2006ರಲ್ಲಿ ಷೇರುಪೇಟೆ ಪ್ರವೇಶಿಸಿದ ಈ ಕಂಪನಿಯು ‘ಸ್ಮಾರ್ಟ್ ಕ್ಲಾಸ್’ ಎಂಬ ಹೆಸರನ್ನು ದೇಶದಾದ್ಯಂತ ಮನೆಮಾತಾಗಿಸಿತು. ಅದರ ಪದ್ಧತಿ ಆಕರ್ಷಕವಾಗಿತ್ತು: ಶಾಲೆಯು ಆರಂಭದಲ್ಲಿ ಬಂಡವಾಳ ಹಾಕಬೇಕಿಲ್ಲ, ಉಪಕರಣಗಳನ್ನು ಕಂಪನಿಯೇ ಅಳವಡಿಸುತ್ತದೆ, ಶಾಲೆಯು ಹಲವು ವರ್ಷಗಳ ಕಾಲ ವಿದ್ಯಾರ್ಥಿಗಳ ಲೆಕ್ಕದಲ್ಲಿ ಕಂತುಗಳನ್ನು ಕಟ್ಟುತ್ತದೆ. ಮುಂದೆ ಎಜು ಸ್ಮಾರ್ಟ್ ಸರ್ವಿಸಸ್ ಎಂಬ ಮಧ್ಯವರ್ತಿ ಸಂಸ್ಥೆಯ ಮೂಲಕ, ಶಾಲೆಗಳಿಂದ ಬರಬೇಕಾದ ಕಂತುಗಳ ಆಧಾರದ ಮೇಲೆ ಬ್ಯಾಂಕುಗಳಿಂದ ಸಾಲ ಎತ್ತಲಾಯಿತು.

ಪುಸ್ತಕದಲ್ಲಿ ಮಾರಾಟ ಏರಿತು. ಶಾಲೆಗಳಿಂದ ಹಣ ಮಾತ್ರ ಅದೇ ವೇಗದಲ್ಲಿ ಬರಲಿಲ್ಲ. 2013ರಲ್ಲಿ ಕಂಪನಿಯು ಸಾಲ ಪುನಾರಚನೆಗೆ ಮೊರೆಹೋಯಿತು. 2017ರ ಮೇ ತಿಂಗಳಿನಲ್ಲಿ ದಿವಾಳಿತನ ಪ್ರಕ್ರಿಯೆ ಆರಂಭವಾಯಿತು. ಸಾಲದಾತರ ಸಮಿತಿ ಒಪ್ಪಿದ ಖರೀದಿ ಯೋಜನೆಯಿಂದ ಖರೀದಿದಾರ ಸಂಸ್ಥೆ ಹಿಂದೆ ಸರಿಯಲು ಯತ್ನಿಸಿ, ಆ ವ್ಯಾಜ್ಯವನ್ನು ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿದಾಗ 2021ರ ಸೆಪ್ಟೆಂಬರ್ ಬಂದಿತ್ತು. ಇಂತಹ ಕಂಪನಿಗೆ ಉದ್ರಿ ಕೊಟ್ಟ ಸಣ್ಣ ಪೂರೈಕೆದಾರನ ಸ್ಥಿತಿ ‘ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ’ ಎಂಬ ಗಾದೆಯಂತೆಯೇ ಸರಿ.

ಬೆಂಗಳೂರಿನದೇ ಆದ ಬೈಜೂಸ್ ಸಂಸ್ಥೆಯ ಕಥೆಯ ಹಾದಿ ಬೇರೆ, ಪಾಠ ಹತ್ತಿರದ್ದು. 2021ರ ಮಾರ್ಚ್‌ಗೆ ಅಂತ್ಯಗೊಂಡ ವರ್ಷದ ಲೆಕ್ಕಪತ್ರಗಳು ಹೊರಬಂದದ್ದು 2022ರ ಸೆಪ್ಟೆಂಬರ್‌ನಲ್ಲಿ, ನಷ್ಟ ರೂ. 4,500 ಕೋಟಿಗೂ ಅಧಿಕ. ಹಲವು ವರ್ಷಗಳ ಸೇವೆಗೆಂದು ಪಡೆದ ಶುಲ್ಕವನ್ನು ಆಯಾ ವರ್ಷಗಳಿಗೆ ಹಂಚಿ ತೋರಿಸಬೇಕಾಗಿ ಬಂದುದರಿಂದ ಆದಾಯದ ದೊಡ್ಡ ಭಾಗವು ಮುಂದಕ್ಕೆ ಸರಿದಿತ್ತು. 2024ರ ಜುಲೈನಲ್ಲಿ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಬೆಂಗಳೂರು ಪೀಠವು ಸಂಸ್ಥೆಯ ವಿರುದ್ಧದ ದಿವಾಳಿ ಅರ್ಜಿಯನ್ನು ಅಂಗೀಕರಿಸಿತು. ಮಾರಾಟವಾದದ್ದೆಲ್ಲ ಗಳಿಕೆಯಲ್ಲ, ಸೇವೆ ಮುಗಿದು ಹಣ ಕೈಸೇರಿದಾಗಲೇ ವ್ಯವಹಾರ ಪೂರ್ಣ.

ಒಪ್ಪಂದಕ್ಕೆ ಮುನ್ನ ಗಮನಿಸಬೇಕಾದ ಅಂಶಗಳು

1. ಜಿ.ಎಸ್.ಟಿ. ಮತ್ತು ಶಾಲೆಯ ವೆಚ್ಚ: ಶಾಲಾ ಶಿಕ್ಷಣ ಸೇವೆಗೆ ಜಿ.ಎಸ್.ಟಿ. ವಿನಾಯಿತಿ ಇದೆ. ಆ ಕಾರಣದಿಂದ ಶಾಲೆಯು ತಾನು ಕಟ್ಟಿದ ತೆರಿಗೆಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಪಡೆಯಲಾರದು. ಬೆಲೆಪಟ್ಟಿಯನ್ನು ತೆರಿಗೆ ಸೇರಿಸಿಯೇ ಕೊಡುವುದು ಲೇಸು. 32 ಅಂಗುಲ ಮೀರಿದ ಟೆಲಿವಿಷನ್ ಹಾಗೂ ಮಾನಿಟರ್‌ಗಳ ಮೇಲಿನ ದರವು 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿದಿದ್ದು, ಹಳೆಯ ದರಪಟ್ಟಿಗಳನ್ನು ಪರಿಷ್ಕರಿಸತಕ್ಕದ್ದು.

2. ಕಂತಿನ ಮಾರಾಟ: ಮೇಲ್ಕಂಡ ರೂ. 35,40,000ದ ಸರಕನ್ನು 36 ಸಮಾನ ಕಂತುಗಳಲ್ಲಿ ಮಾರಿದರೆ ತಿಂಗಳಿಗೆ ಬರುವುದು ಸುಮಾರು ರೂ. 98,333. ಸರಕಿನ ಮಾರಾಟವಾದುದರಿಂದ ಪೂರ್ಣ ತೆರಿಗೆ ರೂ. 5,40,000ದ ಹೊಣೆ ಬಿಲ್ಲು ಬರೆದ ತಿಂಗಳಿಗೇ ಸೇರುತ್ತದೆ. ಅದರ ಒಂದು ಭಾಗವನ್ನು ವರ್ತಕನು ಖರೀದಿಯ ವೇಳೆ ಈಗಾಗಲೇ ತೆತ್ತಿರುತ್ತಾನೆ, ಉಳಿದುದನ್ನು ಸರ್ಕಾರಕ್ಕೆ ಕಟ್ಟುತ್ತಾನೆ. ಐದೂವರೆ ಕಂತುಗಳು ತೆರಿಗೆಗೇ ಸರಿಹೋಗುತ್ತವೆ. ಒಡೆತನ ವರ್ಗಾವಣೆಯಾಗದ ಶುದ್ಧ ಬಾಡಿಗೆ ಒಪ್ಪಂದದಲ್ಲಿ ತೆರಿಗೆಯು ಕಂತು ಕಂತಾಗಿ ಬರುವುದರಿಂದ ದುಡಿಯುವ ಬಂಡವಾಳದ ಮೇಲಿನ ಒತ್ತಡ ತಗ್ಗುತ್ತದೆ.

3. ವಿಳಂಬ ಪಾವತಿ: 2006ರ ಎಂ.ಎಸ್.ಎಂ.ಇ.ಡಿ. ಅಧಿನಿಯಮದಂತೆ, ಉದ್ಯಮ್ ನೋಂದಣಿಯುಳ್ಳ ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ ಖರೀದಿದಾರನು ಗರಿಷ್ಠ 45 ದಿನಗಳೊಳಗೆ ಹಣ ಕೊಡಬೇಕು. ತಪ್ಪಿದಲ್ಲಿ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕಾಗುತ್ತದೆ. ಆದರೆ ಕೇವಲ ಕೊಂಡು ಮಾರುವ ವರ್ತಕರ ಉದ್ಯಮ್ ನೋಂದಣಿಯು 2021ರ ಜುಲೈ ಸುತ್ತೋಲೆಯ ಪ್ರಕಾರ ಆದ್ಯತಾ ವಲಯದ ಸಾಲಕ್ಕಷ್ಟೇ ಸೀಮಿತ. ತಯಾರಕರಿಗೂ ಸೇವಾದಾರರಿಗೂ ಇರುವ ಈ ರಕ್ಷಣೆ ತಮಗಿಲ್ಲವೆಂಬುದನ್ನು ಅರಿತು, ವರ್ತಕರು ಮುಂಗಡ ಹಾಗೂ ಬಡ್ಡಿಯ ಷರತ್ತುಗಳನ್ನು ಒಪ್ಪಂದದಲ್ಲಿಯೇ ಬರೆಸಿಕೊಳ್ಳಬೇಕು.

4. ಮಕ್ಕಳ ಮಾಹಿತಿ: ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023ರ ಪ್ರಕಾರ 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ದೃಢೀಕೃತ ಸಮ್ಮತಿ ಅಗತ್ಯ. ಮಕ್ಕಳಿಗೆ ಸಂಬಂಧಿಸಿದ ಉಲ್ಲಂಘನೆಗೆ ರೂ. 200 ಕೋಟಿಯವರೆಗೆ ದಂಡ ವಿಧಿಸಬಹುದು. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಮುಖ್ಯ ಹೊಣೆಗಾರಿಕೆಗಳ ಜಾರಿಗೆ 18 ತಿಂಗಳ ಅವಧಿ ನಿಗದಿಯಾಯಿತು. ಕಲಿಕೆ ಮತ್ತು ಸುರಕ್ಷತೆಯ ಉದ್ದೇಶಗಳಿಗೆ ಶಾಲೆಗಳಿಗೆ ಸೀಮಿತ ವಿನಾಯಿತಿ ಉಂಟು. ಮಾಹಿತಿಯನ್ನು ಜಾಹೀರಾತಿಗೆ ಬಳಸುವ ಪೂರೈಕೆದಾರನಿಗೆ ಅದರ ಆಸರೆ ಸಿಗದು.

5. ಸಂಯೋಜಕರ ಹೆಸರು: ಶಾಲೆಯ ಪರವಾಗಿ ಬಳಕೆಯ ಹೊಣೆ ಹೊತ್ತವರು ಯಾರು, ಶಿಕ್ಷಕರ ತರಬೇತಿಗೆ ಎಷ್ಟು ದಿನ, ದುರಸ್ತಿಗೆ ಎಷ್ಟು ಗಂಟೆಗಳ ಗಡುವು ಎಂಬುದು ಒಪ್ಪಂದದ ಅಂಗವಾಗಿರಲಿ. ಮೂರು ತಿಂಗಳಿಗೊಮ್ಮೆ ಬಳಕೆಯ ವಿವರಕ್ಕೆ ಉಭಯ ಪಕ್ಷಗಳೂ ಸಹಿ ಹಾಕಿದರೆ ಮುಂದಿನ ಬಿಲ್ಲಿಗೆ ಅದೇ ಆಧಾರವಾಗುತ್ತದೆ.

ಸಣ್ಣ ಉದ್ದಿಮೆಗಳಿಗೆ ಇರುವ ಅವಕಾಶ

2025-26ರ ಕೇಂದ್ರ ಮುಂಗಡಪತ್ರವು ಪೂರ್ಣವಾಗಿ ಸಿದ್ಧಗೊಂಡು ಆಮದಾಗುವ ಸ್ಪರ್ಶ ಪರದೆ ಫಲಕಗಳ ಮೇಲಿನ ಮೂಲ ಸೀಮಾಸುಂಕವನ್ನು ಶೇ. 10ರಿಂದ ಶೇ. 20ಕ್ಕೆ ಏರಿಸಿತು. ಓಪನ್ ಸೆಲ್ ಹಾಗೂ ಇತರ ಬಿಡಿಭಾಗಗಳ ಸುಂಕವನ್ನು ಶೇ. 5ಕ್ಕೆ ಇಳಿಸಿತು. ಜೋಡಣೆಯನ್ನು ಇಲ್ಲಿಯೇ ಮಾಡುವವರಿಗೆ ಇದು ಉತ್ತೇಜನಕಾರಿ. ಜೋಡಣಾ ಘಟಕ ಸ್ಥಾಪಿಸುವ ಶಕ್ತಿ ಇಲ್ಲದವರಿಗೂ ಕೆಲಸವುಂಟು: ಗೋಡೆಯ ಚೌಕಟ್ಟು, ಚಾರ್ಜಿಂಗ್ ಕಪಾಟು, ಯು.ಪಿ.ಎಸ್. ಮತ್ತು ಬ್ಯಾಟರಿ, ಕೇಬಲ್ ಅಳವಡಿಕೆ, ವಾರ್ಷಿಕ ನಿರ್ವಹಣೆ. ಬಾಳಿಕೆ ಮುಗಿದ ಉಪಕರಣಗಳನ್ನು ಇ-ತ್ಯಾಜ್ಯ ನಿರ್ವಹಣಾ ನಿಯಮಗಳು, 2022ರನ್ವಯ ನೋಂದಾಯಿತ ಸಂಸ್ಕರಣಾಕಾರರಿಗೆ ತಲುಪಿಸುವುದೂ ಸೇವೆಯ ಭಾಗವಾಗಬಹುದು.

ದೂರದ ಮಹಾನಗರದಲ್ಲಿ ಕಚೇರಿಯುಳ್ಳ ಬೃಹತ್ ಕಂಪನಿಗಿಂತ, ನೈಸ್ ರಸ್ತೆ ಹಿಡಿದು ಬೇಗನೆ ಶಾಲೆ ತಲುಪಬಲ್ಲ ಹೊಸಕೆರೆಹಳ್ಳಿಯ ಉದ್ದಿಮೆದಾರನಿಗೆ ಈ ಸೇವೆಗಳಲ್ಲಿ ಸಹಜ ಅನುಕೂಲವಿದೆ. ಸಂಯೋಜಕರಿಲ್ಲದ ಶಾಲೆಯಿಂದ ಬರುವ ದೊಡ್ಡ ಆದೇಶಕ್ಕಿಂತ, ಸಂಯೋಜಕರಿರುವ ಶಾಲೆಯಿಂದ ಎರಡು ಕೊಠಡಿಗಳಿಗೆ ಬರುವ ಪರೀಕ್ಷಾರ್ಥ ಆದೇಶವೇ ದೀರ್ಘಕಾಲದಲ್ಲಿ ಹೆಚ್ಚು ಲಾಭದಾಯಕ. ಅಲ್ಲಿ ಸಾಧನ ಬಳಕೆಯಾಗುತ್ತದೆ, ಒಪ್ಪಂದ ನವೀಕರಣಗೊಳ್ಳುತ್ತದೆ, ಬಿಲ್ಲಿನ ಹಣವೂ ಸಕಾಲಕ್ಕೆ ಬರುತ್ತದೆ.